ಅಡರಕಟ್ಟಿಯ ಚಕ್ಕಡಿ, ಮಾಂತೊವದ ಮೋಟಾರು

ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲೂಕಿನಲ್ಲಿ ಅಡರಕಟ್ಟಿ ಎಂಬುದೊಂದು ಊರು. ನಕಾಶೆಯಲ್ಲಿ ಹುಡುಕುವವರು ಮೊದಲು ಲಕ್ಷ್ಮೇಶ್ವರವನ್ನು ಗುರುತಿಸಿಕೊಂಡು, ಬಳಿಕ ಅದರ ಸುತ್ತ ಬೆರಳಾಡಿಸಬೇಕು. 1997ರವರೆಗೆ ಇದು ಧಾರವಾಡ ಜಿಲ್ಲೆಯಲ್ಲಿತ್ತು. ಲಕ್ಷ್ಮೇಶ್ವರವೇ ತಾಲೂಕಾಗುವವರೆಗೆ ಶಿರಹಟ್ಟಿ ತಾಲೂಕಿನಲ್ಲಿತ್ತು. ಕಚೇರಿಗಳು ಹೀಗೆ ಜಾಗ ಬದಲಿಸಿದರೂ ಊರು ಮಾತ್ರ ಇದ್ದಲ್ಲಿಯೇ ಇದೆ. ಪ್ರವಾಸಿಗರು ಇಲ್ಲಿಗೆ ಬರುವುದಿಲ್ಲ. ಅವರು ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯವನ್ನು ನೋಡುತ್ತಾರೆ. ಚಳಿಗಾಲವಾದರೆ ಹಿಮಾಲಯದಾಚೆಯಿಂದ ಬಂದಿಳಿಯುವ ಪಟ್ಟೆತಲೆಯ ಹೆಬ್ಬಾತುಗಳನ್ನು ಕಾಣಲು ಮಾಗಡಿ ಕೆರೆಗೆ ಹೋಗುತ್ತಾರೆ. ತಿರುಗಿ ಗದಗಿನ ದಾರಿ ಹಿಡಿಯುತ್ತಾರೆ. ನನಗೆ ಅಡರಕಟ್ಟಿ ತಾಯಿಯ ತವರು. ಆದುದರಿಂದ ನೋಡಲು ಏನಿದೆ ಎಂಬ ಪ್ರಶ್ನೆಯೇ ನನಗೆ ಎಂದೂ ಎದ್ದುದಿಲ್ಲ.

ಇರುವುದು ನೆಲ. ಆಷಾಢದ ಮಳೆ ಬಿದ್ದ ಮೇಲೆ ಈ ಎರೆಭೂಮಿಯ ಮೇಲೆ ಹತ್ತು ಹೆಜ್ಜೆ ನಡೆದು ನೋಡಬೇಕು. ಒಂದೊಂದು ಕಾಲಿಗೂ ಒಂದೊಂದು ಸೇರು ಮಣ್ಣು ಅಂಟಿಕೊಂಡು, ಮನುಷ್ಯನು ತಾನಾಗಿಯೇ ಎತ್ತರವಾಗುತ್ತಾನೆ. ಬೇಸಗೆಯಲ್ಲಿ ಇದೇ ನೆಲ ಅಂಗೈ ತೂರುವಷ್ಟು ಬಾಯಿ ಬಿಡುತ್ತದೆ. ಇಂತಹ ನೆಲದಲ್ಲಿ ಚಕ್ಕಡಿ ಹೊಡೆಯುವುದು ಒಂದು ವಿದ್ಯೆ. ಹಸಿ ಎರೆಯಲ್ಲಿ ಗಾಲಿ ಜಾರತೊಡಗಿದಾಗ ಹೊಸಬನು ಗಾಬರಿಯಿಂದ ಹಗ್ಗ ಜಗ್ಗುತ್ತಾನೆ, ಗಾಡಿ ನಿಲ್ಲುತ್ತದೆ, ನಿಂತಿತೆಂದರೆ ಹೂತುಹೋಯಿತು. ಬಲ್ಲವನು ಹಗ್ಗ ಸಡಿಲಿಸಿ, ಜಾರುವ ಗಾಡಿಯನ್ನು ಜಾರಗೊಟ್ಟು, ಎತ್ತುಗಳ ಹೆಜ್ಜೆ ಮುರಿಯದಂತೆ ದಾಟಿಸಿಬಿಡುತ್ತಾನೆ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಓಟದ ಹುಚ್ಚು ಈ ಸೀಮೆಗೆ ಹೊಸದಲ್ಲ. ಕಾರಹುಣ್ಣಿಮೆಯ ಸಂಜೆ ಊರ ಅಗಸೆಯಲ್ಲಿ ಕರಿ ಹರಿಯುವಾಗ ಯಾವ ಬಣ್ಣದ ಎತ್ತು ಮುಂದಾಯಿತೆಂಬುದರ ಮೇಲೆ ಆ ವರ್ಷ ಯಾವ ಬೆಳೆ ಕೈಹತ್ತುವುದೆಂದು ಹಿರಿಯರು ಲೆಕ್ಕ ಹಾಕುತ್ತಾರೆ. ಜಾತ್ರೆಗಳಲ್ಲಿ ನಡೆಯುವ ಖಾಲಿ ಗಾಡಾ ಓಟದ ಬಿಸಿಯೇ ಬೇರೆ. ಹೇರಿಲ್ಲದ ಬಂಡಿಗೆ ಜೋಡಿ ಎತ್ತು ಹೂಡಿ, ಗೊತ್ತುಪಡಿಸಿದ ಹೊತ್ತಿನೊಳಗೆ ಅದು ಎಷ್ಟು ದೂರ ಓಡಿತೆಂದು ಅಡಿಯ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಜೋಡಿ ಓಡುವಾಗ ಇನ್ನೊಂದು ಪಕ್ಕದಲ್ಲಿರುವುದಿಲ್ಲ. ಎದುರಾಳಿ ಎಂದರೆ ಗಡಿಯಾರವೇ. ಗೆದ್ದ ಎತ್ತಿನ ಹೆಸರು ಸುತ್ತಿನ ಹತ್ತು ಹಳ್ಳಿಗಳ ಬಾಯಲ್ಲಿ ನಲಿಯುತ್ತದೆ, ಅದರ ಯಜಮಾನನ ಹೆಸರು ಹಿಂದೆ ಬೀಳುತ್ತದೆ. 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ಓಟಗಳನ್ನು ನಿಷೇಧಿಸಿದಾಗ ಈ ಸೀಮೆಯಲ್ಲಿ ಸೂತಕದ ಕಳೆಯಿತ್ತು. ಕರ್ನಾಟಕವು 2017ರಲ್ಲಿ ಕಾಯಿದೆಯನ್ನು ತಿದ್ದಿ ಕಂಬಳಕ್ಕೂ ಎತ್ತಿನ ಗಾಡಿಯ ಓಟಕ್ಕೂ ದಾರಿ ಮಾಡಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಮೂಕಪ್ರಾಣಿಯ ಪರವಾಗಿ ಎದ್ದ ಪ್ರಶ್ನೆಗಳು ಅಷ್ಟಕ್ಕೆ ಮುಗಿದುವೆಂದು ನಾನು ತಿಳಿದಿಲ್ಲ. ಬಾರುಕೋಲಿನ ಮೊಳೆಯನ್ನು ನೋಡಿದವರಾರೂ ಹಾಗೆ ತಿಳಿಯಲಾರರು.

ನನ್ನ ಸೋದರಮಾವ ತರುಣದಲ್ಲಿ ಗಾಡಾ ಓಡಿಸಿದವರು. ನಾನು ಇಟಲಿಗೆ ಹೋಗುವವನಿದ್ದೇನೆ, ಅಲ್ಲಿ ಒಬ್ಬ ಹೆಸರಾಂತ ಮೋಟಾರು ಸಾರಥಿಯ ಊರನ್ನು ನೋಡಿ ಬರಬೇಕೆಂದಿದ್ದೇನೆ ಎಂದಾಗ ಅವರು ಎಲೆಯಡಿಕೆಯ ಚೀಲ ಬಿಚ್ಚುತ್ತ ಒಂದು ಮಾತು ಕೇಳಿದರು: “ತಮ್ಮಾ, ಎತ್ತಿಗೆ ದಣಿವಾತಂದ್ರ ಅದು ಹೇಳತೈತಿ. ಕಿವಿ ಇಳಸತೈತಿ, ಜೊಲ್ಲ ಬಿಡತೈತಿ. ಯಂತ್ರಕ್ಕ ದಣಿವಾದ್ರ ಅದು ಹೆಂಗ ಹೇಳಬೇಕು? ಅಂವಗ ಹೆಂಗ ತಿಳೀತಿತ್ತು?”

ಉತ್ತರ ನನ್ನಲ್ಲಿರಲಿಲ್ಲ. ಪ್ರಶ್ನೆಯನ್ನು ಕಟ್ಟಿಕೊಂಡೇ ಹೊರಟೆ.

ಮಿಲಾನ್ ನಗರದಿಂದ ಮಾಂತೊವಕ್ಕೆ ರೈಲಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಪೋ ನದಿಯ ಬಯಲು ಅಂಗೈಯಂತೆ ಸಮತಟ್ಟು. ಕಿಟಕಿಯಾಚೆ ಗೋವಿನಜೋಳ, ಅದರಾಚೆ ಕಾಲುವೆ, ಅದರಾಚೆ ಮತ್ತೆ ಗೋವಿನಜೋಳ. ಹಂಚಿನ ಮನೆಗಳನ್ನೂ ಚರ್ಚಿನ ಗೋಪುರಗಳನ್ನೂ ಬದಿಗಿಟ್ಟರೆ ಗದಗಿನಿಂದ ಹುಬ್ಬಳ್ಳಿಗೆ ಹೊರಟಂತೆಯೇ ಇತ್ತು. ನನ್ನ ಶ್ರೀಮತಿಗೆ ಈ ಹೋಲಿಕೆ ಹಿಡಿಸಲಿಲ್ಲ; ಇಷ್ಟು ಹಣ ಸುರಿದು ಹುಬ್ಬಳ್ಳಿಯನ್ನೇ ನೋಡಬೇಕಾಗಿತ್ತೆ ಎಂದಳು. ಆದರೆ ಮಾಂತೊವ ಪಟ್ಟಣ ಬಂದಾಗ ಸುಮ್ಮನಾದಳು. ಮಿಂಚೊ ನದಿಯು ಅಗಲವಾಗಿ ಹರಡಿ ಮೂರು ಸರೋವರಗಳಾಗಿ ಪಟ್ಟಣವನ್ನು ಬಳಸಿದೆ. ನೀರಿನಾಚೆ ಗುಮ್ಮಟಗಳೂ ಕೋಟೆಯೂ ತೇಲಿದಂತೆ ಕಾಣುತ್ತವೆ. ಮೇಲಿನ ಸರೋವರದ ತುಂಬ ನಮ್ಮ ತಾವರೆ! 1921ರಲ್ಲಿ ಏಷ್ಯದಿಂದ ತಂದು ನೆಟ್ಟದ್ದು ಈಗ ಕಿತ್ತರೂ ಸಾಯದಂತೆ ಹಬ್ಬಿದೆ.

ಪುಲಿಗೆರೆ ಎಂದರೆ ನಮಗೆ ಪಂಪನ ನೆನಪು. ಅಲ್ಲಿಯ ತಿರುಳ್ಗನ್ನಡದಲ್ಲಿ ಕಾವ್ಯ ರಚಿಸಿದೆನೆಂದು ಆದಿಕವಿ ತಾನೇ ಹೇಳಿದ್ದಾನೆ. ಮಾಂತೊವಕ್ಕೂ ಒಬ್ಬ ಮಹಾಕವಿಯಿದ್ದಾನೆ. ಲ್ಯಾಟಿನ್ ಭಾಷೆಯ ವರ್ಜಿಲನು ಕ್ರಿಸ್ತಪೂರ್ವ 70ರಲ್ಲಿ ಇದರ ನೆರೆಯ ಹಳ್ಳಿಯಲ್ಲಿ ಹುಟ್ಟಿದನು. ‘ಜಾರ್ಜಿಕ್ಸ್’ ಎಂಬ ಆತನ ಕೃತಿ ಒಕ್ಕಲುತನದ ಕಾವ್ಯ: ನೇಗಿಲು, ಮಳೆನಕ್ಷತ್ರ, ಎತ್ತು, ಜೇನು. ಅದರ ಮೊದಲ ಭಾಗ ಮುಗಿಯುವುದು ಮಾತ್ರ ಹೊಲದಲ್ಲಲ್ಲ, ರಥದ ಪಂದ್ಯದಲ್ಲಿ. ಕುದುರೆಗಳು ಕಡಿವಾಣವನ್ನು ಲೆಕ್ಕಿಸದೆ ಸಾರಥಿಯನ್ನು ಎಳೆದೊಯ್ಯುತ್ತವೆ. ಆತನು ಹಗ್ಗ ಜಗ್ಗಿದರೂ ಪ್ರಯೋಜನವಾಗುವುದಿಲ್ಲ. ಯುದ್ಧದಲ್ಲಿ ಹುಚ್ಚೆದ್ದ ಲೋಕಕ್ಕೆ ಆ ಕವಿ ಕೊಟ್ಟ ಹೋಲಿಕೆ ಅದು.

ನಾನು ಹುಡುಕಿ ಬಂದ ಸಾರಥಿಯ ಊರು ಮಾಂತೊವದಿಂದ ಹದಿನೈದು ಕಿಲೋಮೀಟರಿನಷ್ಟು ದೂರ. ಕಾಸ್ತೆಲ್ ದಾರ್ಯೊ ಎಂದು ಹೆಸರು. ಹಳೆಯ ಕೋಟೆಯೊಂದು, ಅಂಗಡಿಬೀದಿಯೊಂದು, ಸುತ್ತ ಭತ್ತದ ಗದ್ದೆ. ಊಟದ ಮನೆಯಲ್ಲಿ ಅಕ್ಕಿಯ ಒಂದು ಭಕ್ಷ್ಯದ ಹೆಸರು ‘ರೀಸೊ ಆಲ್ಲಾ ಪಿಲೋತಾ’ ಎಂದಿರುವುದನ್ನು ಕಂಡು ನಾನು ಹಿಗ್ಗಿದೆ. ‘ಪಿಲೋತಾ’ ಎಂದರೆ ಇಟಾಲಿಯನ್ ಭಾಷೆಯಲ್ಲಿ ಮೋಟಾರು ಸಾರಥಿಯೂ ಆಗುತ್ತದೆ. ಆದರೆ ಈ ಅನ್ನಕ್ಕೆ ಹೆಸರು ಬಂದದ್ದು ಸಾರಥಿಯಿಂದಲ್ಲ, ‘ಪಿಲಾ’ ಎಂಬ ಒರಳಿನಲ್ಲಿ ಭತ್ತ ಕುಟ್ಟುತ್ತಿದ್ದ ಕೂಲಿಗಳಿಂದ. ಕುದಿಯುವ ನೀರಿಗೆ ಅಕ್ಕಿಯನ್ನು ಗೋಪುರದಂತೆ ಸುರಿದು, ಇಂಗಿಸಿ, ಉದುರುದುರಾಗಿ ಇಳಿಸುತ್ತಾರೆ. ಬಳಿಕ ಹಂದಿಯ ಮಾಂಸ ಬೆರೆಸುವುದರಿಂದ ನಮ್ಮಂಥವರು ವಾಸನೆಯಲ್ಲಿಯೇ ತೃಪ್ತಿಪಡಬೇಕಾಯಿತು.

ಈ ಗದ್ದೆಗಳ ನಡುವೆ 1892ರ ನವೆಂಬರ್ 16ರಂದು ತಾತ್ಸಿಯೊ ನುವೊಲಾರಿ ಹುಟ್ಟಿದನು. ಒಕ್ಕಲುತನದ ಮನೆ. ತಂದೆಯೂ ಚಿಕ್ಕಪ್ಪನೂ ಬೈಸಿಕಲ್ ಪಂದ್ಯಗಳಲ್ಲಿ ಹೆಸರು ಮಾಡಿದವರು. ಹುಡುಗ ಕುಳ್ಳು, ಒಣಕಲು. ಬೆಳೆದ ಮೇಲೂ ಐದೂವರೆ ಅಡಿಗೆ ಮೀರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯದ ವಾಹನ ನಡೆಸುತ್ತಿದ್ದಾಗ ಗಾಡಿಯನ್ನು ಹೊಂಡಕ್ಕಿಳಿಸಿ, ‘ನಿನಗೆ ಈ ಕಸುಬು ಹತ್ತುವುದಿಲ್ಲ’ ಎಂದು ಮೇಲಧಿಕಾರಿಯಿಂದ ಅನ್ನಿಸಿಕೊಂಡನಂತೆ. ದೊಡ್ಡವರಾದವರೆಲ್ಲರ ಬಾಲ್ಯಕ್ಕೆ ಇಂತಹ ಕಥೆಯೊಂದು ಬಂದು ಸೇರುವುದುಂಟು. ನಿಜವಾಗಿ ಆತನು ಪಂದ್ಯಕ್ಕಿಳಿದದ್ದು ತಡವಾಗಿ, 1920ರಲ್ಲಿ, ಇಪ್ಪತ್ತೇಳು ದಾಟಿದ ಮೇಲೆ. ಅದೂ ಮೋಟಾರ್ ಸೈಕಲ್ಲಿನ ಮೇಲೆ. 1925ರಲ್ಲಿ ಮೋಂತ್ಸಾ ಪಥದಲ್ಲಿ ಆಲ್ಫಾ ರೋಮಿಯೊ ಕಾರನ್ನು ಪರೀಕ್ಷಿಸುವಾಗ ಉರುಳಿಬಿದ್ದು ಆಸ್ಪತ್ರೆ ಸೇರಿದನು. ವೈದ್ಯರು ಮಲಗಿರೆಂದರು. ಕೆಲವೇ ದಿನಗಳಲ್ಲಿ ಅದೇ ಪಥದಲ್ಲಿ ಮೋಟಾರ್ ಸೈಕಲ್ಲಿನ ದೊಡ್ಡ ಪಂದ್ಯವಿತ್ತು. ಮೈಗೆಲ್ಲ ಪಟ್ಟಿ ಸುತ್ತಿಸಿಕೊಂಡು, ಬಾಗಿ ಕುಳಿತ ಭಂಗಿಯಲ್ಲಿಯೇ ಕಟ್ಟಿಸಿಕೊಂಡು, ಇತರರಿಂದ ಎತ್ತಿಸಿಕೊಂಡು ವಾಹನವನ್ನೇರಿ ಗೆದ್ದನು. ತಾನಾಗಿ ಕಾಲೂರಿ ನಿಲ್ಲುವ ಶಕ್ತಿ ಆತನಿಗಿರಲಿಲ್ಲ. ಇಳಿಸಿಕೊಳ್ಳಲು ಕೊನೆಯಲ್ಲಿ ಜನ ಕಾದಿದ್ದರು.

ಮುಂದಿನ ಗೆಲುವುಗಳ ಪಟ್ಟಿ ಉದ್ದವಾದುದು. ಎಲ್ಲವನ್ನೂ ಹೇಳಿದರೆ ಪಂಚಾಂಗ ಓದಿದಂತಾಗುತ್ತದೆ. 1931 ಮತ್ತು 1932ರಲ್ಲಿ ಸಿಸಿಲಿ ದ್ವೀಪದ ತಾರ್ಗಾ ಫ್ಲೋರಿಯೊ; 1932ರಲ್ಲಿ ಮೊನಾಕೊ, ಇಟಲಿ, ಫ್ರಾನ್ಸ್‌ಗಳ ಗ್ರಾಂಡ್ ಪ್ರೀಗಳೂ ಯುರೋಪಿನ ಚಾಂಪಿಯನ್ ಪದವಿಯೂ; 1933ರಲ್ಲಿ ಲ ಮಾನ್‌ನ ಇಪ್ಪತ್ತನಾಲ್ಕು ಗಂಟೆಯ ಓಟ. ಜನರ ಬಾಯಲ್ಲಿ ಉಳಿದದ್ದು 1930ರ ಮಿಲ್ಲೆ ಮಿಲ್ಯಾ. ಹೆಸರಿನ ಅರ್ಥ ಸಾವಿರ ಮೈಲಿ. ಬ್ರೇಷ್ಯಾ ಪಟ್ಟಣದಿಂದ ರೋಮಿಗೆ ಹೋಗಿ ತಿರುಗಿ ಬ್ರೇಷ್ಯಾಕ್ಕೆ, ಊರು ಕೇರಿಗಳ ಸಾಮಾನ್ಯ ರಸ್ತೆಯಲ್ಲಿ, ಹಗಲಿರುಳು ಓಟ. ಕೊನೆಯ ಬೆಳಗಿನ ಜಾವ ನುವೊಲಾರಿ ದೀಪ ಆರಿಸಿಕೊಂಡು ಕತ್ತಲಲ್ಲಿಯೇ ಎದುರಾಳಿ ವಾರ್ತ್ಸಿಯ ಬೆನ್ನು ಹತ್ತಿದನೆಂದೂ, ಫಕ್ಕನೆ ಪಕ್ಕದಲ್ಲಿ ದೀಪ ಹೊತ್ತಿಸಿ, ನಕ್ಕು, ಮುಂದೆ ಹೋದನೆಂದೂ ಕಥೆಯುಂಟು. ಲೆಕ್ಕದ ಮಾತಾಡಿದರೆ ನುವೊಲಾರಿ ವಾರ್ತ್ಸಿಗಿಂತ ಹತ್ತು ನಿಮಿಷ ತಡವಾಗಿ ಹೊರಟವನು. ಬೆನ್ನ ಹಿಂದೆ ಬಂದಾಗಲೇ ಪಂದ್ಯ ಆತನದಾಗಿತ್ತು. ಆದರೆ ದೀಪದ ಕಥೆಯ ಮುಂದೆ ಗಡಿಯಾರದ ಲೆಕ್ಕವನ್ನು ಕೇಳುವವರಾರು?

ಸೋದರಮಾವನ ಪ್ರಶ್ನೆಗೆ ಉತ್ತರದ ಒಂದು ತುಣುಕು ನನಗೆ ಎಂಜೊ ಫೆರಾರಿಯ ನೆನಪುಗಳಲ್ಲಿ ಸಿಕ್ಕಿತು. 1931ರಲ್ಲಿ ಒಂದು ಅಭ್ಯಾಸದ ಓಟದಲ್ಲಿ ಫೆರಾರಿ ಆತನ ಪಕ್ಕದಲ್ಲಿ ಕುಳಿತಿದ್ದನು. ಮೊದಲ ತಿರುವು ಬಂದಾಗ ನುವೊಲಾರಿ ಎಲ್ಲರಿಗಿಂತ ಮುಂಚಿತವಾಗಿಯೇ ಗಾಡಿಯನ್ನು ಒಳಗೆ ತಿರುಗಿಸಿಬಿಟ್ಟನು. ಹೊಂಡಕ್ಕೆ ಬಿದ್ದೆವೆಂದೇ ಫೆರಾರಿ ಮೈ ಬಿಗಿಹಿಡಿದನು. ಕಾರು ನಾಲ್ಕೂ ಗಾಲಿಗಳ ಮೇಲೆ ಒಟ್ಟಾಗಿ ಹೊರಕ್ಕೆ ಜಾರಿತು, ಮೂತಿ ಮಾತ್ರ ಒಳಕ್ಕೇ ಇತ್ತು. ತಿರುವು ಮುಗಿಯುವಾಗ ದಾರಿಗೆ ಸರಿಯಾಗಿ ನೇರವಾಯಿತು. ಅಷ್ಟು ಹೊತ್ತೂ ಆತನ ಪಾದ ವೇಗದ ಪೆಡಲಿನಿಂದ ಮೇಲೇಳಲಿಲ್ಲ. ಹಸಿ ಎರೆಯಲ್ಲಿ ಚಕ್ಕಡಿ ದಾಟಿಸುವವನ ಉಪಾಯವೂ ಇದೇ ಅಲ್ಲವೆ? ಜಾರುವುದನ್ನು ತಡೆಯಬಾರದು, ಅದನ್ನು ದುಡಿಸಿಕೊಳ್ಳಬೇಕು. ಎಲ್ಲಿಯವರೆಗೆ ಜಾರಬಹುದು ಎಂಬುದನ್ನು ಯಂತ್ರವು ಕುಳಿತವನ ಬೆನ್ನಿಗೂ ಅಂಗೈಗೂ ಹೇಳುತ್ತದೆ. ಕೇಳುವ ಮೈ ಬೇಕು.

ಆ ಮೈಯ ಪರೀಕ್ಷೆ ನಡೆದದ್ದು 1935ರ ಜುಲೈ 28ರಂದು, ಜರ್ಮನಿಯ ನ್ಯೂರ್‌ಬುರ್ಗ್‌ರಿಂಗ್ ಪಥದಲ್ಲಿ. ಗುಡ್ಡಗಾಡಿನಲ್ಲಿ ಹಾವಿನಂತೆ ಸುತ್ತುವ ಇಪ್ಪತ್ತೆರಡು ಕಿಲೋಮೀಟರಿಗೂ ಹೆಚ್ಚಿನ ದಾರಿ. ಅಂತಹ ಇಪ್ಪತ್ತೆರಡು ಸುತ್ತು. ಹಿಟ್ಲರನ ಸರಕಾರದ ಹಣದಿಂದ ಕೊಬ್ಬಿದ ಮರ್ಸಿಡಿಸ್ ಮತ್ತು ಆಟೊ ಯೂನಿಯನ್ ಕಾರುಗಳ ಮುಂದೆ ನುವೊಲಾರಿಯ ಆಲ್ಫಾ ಹಳೆಯದು, ಬಲದಲ್ಲಿ ಬಹಳ ಕಡಿಮೆ. ಆತನಿಗೆ ಆಗ ನಲವತ್ತೆರಡು ವಯಸ್ಸು. ನಡುವೆ ಎಣ್ಣೆ ತುಂಬಿಸಿಕೊಳ್ಳಲು ನಿಂತಾಗ ಪಂಪು ಕೆಟ್ಟಿತು, ಡಬ್ಬಿಗಳಿಂದ ಸುರಿಯಬೇಕಾಯಿತು. ಇತರರು ಬೇಗನೆ ಮುಗಿಸಿದ ಕೆಲಸಕ್ಕೆ ಆತನಿಗೆ ಎರಡು ನಿಮಿಷಕ್ಕೂ ಮಿಕ್ಕಿ ಹಿಡಿದು, ಸ್ಥಾನ ಆರಕ್ಕಿಳಿಯಿತು. ಅಲ್ಲಿಂದ ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಬಂದನು. ಕೊನೆಯ ಸುತ್ತು ತೊಡಗಿದಾಗ ಮುಂದೆ ಉಳಿದವನು ಮರ್ಸಿಡಿಸ್ಸಿನ ಫಾನ್ ಬ್ರೌಖಿಚ್ ಒಬ್ಬನೇ. ನಡುವೆ ಅರ್ಧ ನಿಮಿಷದಷ್ಟು ಅಂತರ. ಬ್ರೌಖಿಚ್ ಟೈರುಗಳನ್ನು ಉಜ್ಜಿ ಉಜ್ಜಿ ಓಡಿಸುವವನು. ಅವುಗಳ ದಣಿವನ್ನು ಆತನು ಕೇಳಿಸಿಕೊಳ್ಳಲಿಲ್ಲ. ಗುರಿ ಕೆಲವೇ ಮೈಲಿ ಉಳಿದಾಗ ಹಿಂದಿನ ಟೈರು ಸಿಡಿಯಿತು. ನುವೊಲಾರಿ ಗೆದ್ದನು, ಜರ್ಮನಿಯ ಸ್ಟುಕ್ ಮತ್ತು ಕರಾಚ್ಚಿಯೋಲ ಎರಡನೆಯ, ಮೂರನೆಯ ಸ್ಥಾನಕ್ಕೆ ಬಂದರು. ನೆರೆದಿದ್ದ ಜನಸಾಗರ ಮೊದಲು ಮೂಕವಾಯಿತು, ಬಳಿಕ ಪರದೇಶದವನಿಗಾಗಿ ಚಪ್ಪಾಳೆ ತಟ್ಟಿತು. ಇಟಲಿಯ ರಾಷ್ಟ್ರಗೀತೆಯ ತಟ್ಟೆ ಅಧಿಕಾರಿಗಳಲ್ಲಿ ಇರಲೇ ಇಲ್ಲವೆಂದೂ ನುವೊಲಾರಿಯೇ ತನ್ನದನ್ನು ತೆಗೆದುಕೊಟ್ಟನೆಂದೂ ಹೇಳುತ್ತಾರೆ.

ಮಾಂತೊವದಲ್ಲಿ ಹಳೆಯ ಚರ್ಚೊಂದರ ಕಟ್ಟಡದಲ್ಲಿ ಆತನ ವಸ್ತುಸಂಗ್ರಹಾಲಯವಿದೆ. ಹಳದಿ ಅಂಗಿ, ನೀಲಿ ಷರಾಯಿ. ಕೊರಳ ಬಳಿ ಒಂದು ಪುಟ್ಟ ಬಂಗಾರದ ಆಮೆ. ಇದು ಆತನ ವೇಷ. ಆಮೆಯನ್ನು 1932ರಲ್ಲಿ ಕವಿ ದಾನ್ನುನ್ತ್ಸಿಯೊ ಕೊಟ್ಟದ್ದು, ಅತಿ ವೇಗದ ಮನುಷ್ಯನಿಗೆ ಅತಿ ನಿಧಾನದ ಪ್ರಾಣಿಯೆಂದು. ಬಟ್ಟಲು ಪದಕಗಳ ಸಾಲಿನ ಮುಂದೆ ನನ್ನ ಶ್ರೀಮತಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವಳು ಕೇಳಿದ್ದು ಮಕ್ಕಳ ವಿಷಯ. ಇಬ್ಬರು ಗಂಡುಮಕ್ಕಳು. ಹಿರಿಯ ಜಾರ್ಜೊ 1937ರಲ್ಲಿ, ಕಿರಿಯ ಆಲ್ಬೆರ್ತೊ 1946ರಲ್ಲಿ, ಇಬ್ಬರೂ ಹದಿನೆಂಟನೆಯ ವಯಸ್ಸಿನಲ್ಲಿ ರೋಗದಿಂದ ತೀರಿಕೊಂಡರು. ಗುಂಡಿಯ ಅಂಚಿನಲ್ಲಿ ಮೂವತ್ತು ವರ್ಷ ಓಡಿದ ತಂದೆ ಉಳಿದನು. ಮನೆಯಲ್ಲಿದ್ದ ಮಕ್ಕಳು ಹೋದರು. ಆತನ ಪುಪ್ಪುಸವೂ ಹಾಳಾಗಿತ್ತು. ವರ್ಷಗಟ್ಟಲೆ ಎಂಜಿನ್ನಿನ ಹೊಗೆ ಕುಡಿದು, ರಕ್ತ ಕಾರುವಷ್ಟು.

ಆದರೂ ಆತನು ನಿಲ್ಲಲಿಲ್ಲ. 1948ರ ಮೇ ತಿಂಗಳ ಮಿಲ್ಲೆ ಮಿಲ್ಯಾ ಹೊತ್ತಿಗೆ ಐವತ್ತೈದು ವಯಸ್ಸು. ಫೆರಾರಿಯ ಹೊಸ ಕಾರು. ದಾರಿಯಲ್ಲಿ ಒಂದು ಮಡ್‌ಗಾರ್ಡ್ ಹಾರಿಹೋಯಿತು. ಎಂಜಿನ್ನಿನ ಮುಚ್ಚಳ ಹಾರಿಹೋಯಿತು. ಕುಳಿತ ಆಸನವೇ ಸಡಿಲಾಯಿತು. ಹೀಗೆ ಕಳಚುತ್ತಿದ್ದ ಗಾಡಿಯಲ್ಲಿ ಕುಳಿತು ಆತನು ಎಲ್ಲರಿಗಿಂತ ಬಹಳ ಮುಂದಿದ್ದನು. ರೆಜ್ಜೊ ಎಮೀಲ್ಯಾದ ಹತ್ತಿರ ಸ್ಪ್ರಿಂಗಿನ ಕೊಂಡಿ ಮುರಿದು ಗಾಡಿ ನಿಂತಿತು. ಇಳಿದವನು ಊರಿನ ಪಾದ್ರಿಯ ಮನೆಯಲ್ಲಿ ಮಲಗಲು ಒಂದು ಹಾಸಿಗೆ ಕೇಳಿದನಂತೆ. ಯಂತ್ರದ ದಣಿವನ್ನು ಅಂಗೈಯಲ್ಲಿ ಓದಬಲ್ಲವನು ತನ್ನ ದಣಿವಿಗೆ ಕಿವುಡನಾಗಿದ್ದನು. ಮಕ್ಕಳಿಲ್ಲದ ಮನೆಗೆ ಮರಳುವುದಕ್ಕಿಂತ ದಾರಿಯ ಮೇಲಿರುವುದೇ ಲೇಸೆನಿಸಿತೋ ಏನೋ. ಕೊನೆಯ ಓಟ 1950ರ ಏಪ್ರಿಲಿನಲ್ಲಿ, ಸಿಸಿಲಿಯ ಗುಡ್ಡದ ದಾರಿಯಲ್ಲಿ. ತನ್ನ ವರ್ಗದಲ್ಲಿ ಗೆದ್ದನು. 1953ರ ಆಗಸ್ಟ್ 11ರಂದು ಹಾಸಿಗೆಯಲ್ಲಿಯೇ ಸತ್ತನು. ಆತನ ಅಪೇಕ್ಷೆಯಂತೆ ಪಂದ್ಯದ ಉಡುಪಿನಲ್ಲಿಯೇ ಮಣ್ಣು ಮಾಡಿದರು. ಶವಪೆಟ್ಟಿಗೆಯನ್ನು ಕಾರಿನ ಚೌಕಟ್ಟಿನ ಮೇಲಿಟ್ಟು ಆಸ್ಕಾರಿ, ವಿಲ್ಲೊರೇಸಿ, ಫಾಂಜಿಯೊ ಮುಂತಾದ ಸಾರಥಿಗಳು ಕೈಯಿಂದ ತಳ್ಳಿಕೊಂಡು ಹೋದರು. ಸಾವಿರಾರು ಜನ ಹಿಂದೆ ನಡೆದರು.

ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ಸತ್ತವನ ಗೌರವಾರ್ಥವಾಗಿ 1954ರಿಂದ ಮಿಲ್ಲೆ ಮಿಲ್ಯಾದ ದಾರಿಯನ್ನೇ ತಿರುಗಿಸಿ ಮಾಂತೊವದ ಮೂಲಕ ಹಾಯಿಸಿದರು. ಕ್ರೆಮೋನಾದಿಂದ ಮಾಂತೊವ ಹಾದು ಬ್ರೇಷ್ಯಾ ಮುಟ್ಟುವ ಕೊನೆಯ ಭಾಗದಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿದವನಿಗೆ ನುವೊಲಾರಿಯ ಹೆಸರಿನ ವಿಶೇಷ ಬಹುಮಾನ. ಬಯಲುಸೀಮೆಯ ಸೀದಾ ರಸ್ತೆ. ಅದರ ಮೇಲೆ ವೇಗಕ್ಕೆಂದೇ ಇಟ್ಟ ಬಹುಮಾನ. 1955ರಲ್ಲಿ ಇಂಗ್ಲೆಂಡಿನ ಸ್ಟರ್ಲಿಂಗ್ ಮಾಸ್ ಸಾವಿರ ಮೈಲಿಯನ್ನು ಹತ್ತು ಗಂಟೆ ಏಳು ನಿಮಿಷಗಳಲ್ಲಿ ಮುಗಿಸಿದನು.

ಆ ರಸ್ತೆಯನ್ನು ನಾವು ಒಂದು ಮಧ್ಯಾಹ್ನ ಬಾಡಿಗೆ ಕಾರಿನಲ್ಲಿ ಹಾದೆವು. ಇಕ್ಕೆಲದಲ್ಲಿ ಹೊಲ, ಕಾಲುವೆ, ಅಲ್ಲೊಂದು ಇಲ್ಲೊಂದು ಮನೆ. ಗ್ವಿದಿತ್ಸೊಲೊ ಎಂಬ ಊರಿಗಿಂತ ತುಸು ಮೊದಲು ರಸ್ತೆಯ ಬದಿಗೆ ಒಂದು ಸ್ಮಾರಕ. 1957ರ ಮೇ 12, ಭಾನುವಾರ. ಊರವರು ಎಂದಿನಂತೆ ಮಕ್ಕಳನ್ನು ಕರೆದುಕೊಂಡು ಕಾರುಗಳನ್ನು ನೋಡಲು ರಸ್ತೆಯಂಚಿಗೆ ಬಂದು ನಿಂತಿದ್ದರು. ಸ್ಪೇನಿನ ಸರದಾರ ಆಲ್ಫೊನ್ಸೊ ದೆ ಪೊರ್ತಾಗೊ ಎಂಬ ಇಪ್ಪತ್ತೆಂಟು ವರ್ಷದವನ ಫೆರಾರಿಯ ಟೈರು ಇಲ್ಲಿ ಸಿಡಿಯಿತು. ಕಾರು ಜನರ ಮೇಲೆ ಹಾಯಿತು. ಪೊರ್ತಾಗೊ, ಆತನ ಜೊತೆಗಾರ ನೆಲ್ಸನ್, ನೋಡಲು ಬಂದ ಒಂಬತ್ತು ಮಂದಿ. ಆ ಒಂಬತ್ತರಲ್ಲಿ ಐವರು ಮಕ್ಕಳು. ಅದೇ ದಿನ ಪಂದ್ಯ ಗೆದ್ದವನು ಇಟಲಿಯ ಪಿಯೆರೊ ತಾರುಫ್ಫಿ. ಐವತ್ತರ ಆತನು ಹೆಂಡತಿಗೆ ಕೊಟ್ಟ ಮಾತಿನಂತೆ ಅಂದಿಗೇ ಪಂದ್ಯ ಬಿಟ್ಟನು. ಎಂಜೊ ಫೆರಾರಿಯ ಮೇಲೆ ನರಹತ್ಯೆಯ ಮೊಕದ್ದಮೆ ನಡೆದು 1961ರಲ್ಲಿ ಬಿಡುಗಡೆಯಾಯಿತು. ರಸ್ತೆಯ ಮೇಲಿನ ವೇಗದ ಮಿಲ್ಲೆ ಮಿಲ್ಯಾ ಮತ್ತೆ ನಡೆಯಲಿಲ್ಲ.

ನುವೊಲಾರಿಯ ತಪ್ಪು ಇದರಲ್ಲಿ ಏನೂ ಇಲ್ಲ. ಆತನು ಸತ್ತು ನಾಲ್ಕು ವರ್ಷವಾಗುತ್ತ ಬಂದಿತ್ತು. ಆದರೆ ಆತನ ಮೇಲಿನ ಪ್ರೀತಿಯೇ ಓಟವನ್ನು ಈ ಹಳ್ಳಿಯ ಬಾಗಿಲಿಗೆ ತಂದದ್ದು, ಆ ಪ್ರೀತಿಯೇ ಮಕ್ಕಳನ್ನು ರಸ್ತೆಯಂಚಿಗೆ ನಿಲ್ಲಿಸಿದ್ದು. ಜಾತ್ರೆಯಲ್ಲಿ ಗಾಡಾ ಹಾಯುವಾಗ, ಎತ್ತುಗಳ ಉಸಿರು ಮುಖಕ್ಕೆ ತಾಗುವಷ್ಟು ಹತ್ತಿರ, ದೊಡ್ಡವರ ಕಾಲಸಂದಿಯಲ್ಲಿ ತೂರಿ ನಿಲ್ಲುವ ಹುಡುಗರನ್ನು ನಾನು ಕಂಡಿದ್ದೇನೆ. ನಾನೂ ಹಾಗೆಯೇ ನಿಂತವನು.

ಈಗ ಮಿಲ್ಲೆ ಮಿಲ್ಯಾ ಎಂಬ ಹೆಸರಿನಲ್ಲಿ, 1977ರಿಂದ, ಹಳೆಯ ಕಾರುಗಳ ಮೆರವಣಿಗೆಯಂತಹ ಪಯಣ ನಡೆಯುತ್ತದೆ. ಅದರಲ್ಲಿ ಮೊದಲು ಬಂದವನಿಗೆ ಬಹುಮಾನವಿಲ್ಲ. ಗೊತ್ತುಮಾಡಿದ ಹೊತ್ತಿಗೆ ಗೊತ್ತುಮಾಡಿದ ಜಾಗವನ್ನು ಸರಿಯಾಗಿ ತಲುಪಿದವನಿಗೆ ಬಹುಮಾನ. ನಾವು ಸ್ಮಾರಕದ ಬಳಿ ನಿಂತಿದ್ದಾಗ ಗೋವಿನಜೋಳದ ತೆನೆ ಹೇರಿಕೊಂಡ ಟ್ರಾಕ್ಟರೊಂದು ಹಾದುಹೋಯಿತು. ನಡೆಸುತ್ತಿದ್ದ ಮುದುಕ ನಮ್ಮನ್ನು ಕಂಡು ವೇಗ ತಗ್ಗಿಸಿ, ಟೊಪ್ಪಿಗೆ ಮುಟ್ಟಿಕೊಂಡು ಮುಂದೆ ಸಾಗಿದನು.